ಮೊಣಕಾಲು ನೋವು: ನಡಿಗೆ ಬಿಡಬೇಡಿ, ಕೇಳದೇ ಗುಳಿಗೆ ನುಂಗಬೇಡಿ

ಬೆಳಗಾವಿ: ಖಡೇಬಜಾರ್, ಗಣಪತ ಗಲ್ಲಿಯ ಅಂಗಡಿಗಳಲ್ಲಿ ಗಾದಿ ಮೇಲೆ ಕಾಲು ಮಡಚಿ ಕೂರುವ ವ್ಯಾಪಾರಸ್ಥರಿರಲಿ, ಖಾನಾಪುರದ ಗದ್ದೆಗಳಲ್ಲಿ ಭತ್ತ ನಾಟಿ ಮಾಡುವವರಿರಲಿ, ಐವತ್ತು ದಾಟಿದ ಮೇಲೆ ಹೇಳುವ ಮಾತು ಒಂದೇ: "ಕುಂತ್ರ ಏಳಾಕ ಆಗೂದಿಲ್ಲ." ಈ ವಯಸ್ಸಿನ ಮೊಣಕಾಲು ನೋವಿಗೆ ಮುಖ್ಯ ಕಾರಣ ಅಸ್ಥಿಸಂಧಿವಾತ, ಅಂದರೆ ಆಸ್ಟಿಯೋಆರ್ಥ್ರೈಟಿಸ್. ಕಾಲು ಇನ್ನಷ್ಟು ಸವೆಯುತ್ತೆ ಅಂತ ಹಲವರು ನಡೆಯೋದನ್ನೇ ಬಿಡುತ್ತಾರೆ, ಮೆಡಿಕಲ್ ಅಂಗಡಿಯ ಗುಳಿಗೆ ನುಂಗಿ ದಿನ ದೂಡುತ್ತಾರೆ. ಎರಡೂ ತಪ್ಪು.

ಒಳಗೆ ಆಗೋದೇನು?

ಮೊಣಕಾಲಿನ ಎಲುಬುಗಳ ತುದಿಯಲ್ಲಿ ನುಣುಪಾದ ಮೃದ್ವಸ್ಥಿಯ ಹೊದಿಕೆ ಇರುತ್ತದೆ. ಅದು ನಿಧಾನವಾಗಿ ತೆಳುವಾಗುತ್ತದೆ, ಎಲುಬಿನ ಅಂಚು ಬೆಳೆಯುತ್ತದೆ, ಕೀಲಿನ ಒಳಪದರ ಊದಿಕೊಳ್ಳುತ್ತದೆ. ವಯಸ್ಸು, ಹೆಚ್ಚು ತೂಕ, ಹಳೆಯ ಪೆಟ್ಟು, ವರ್ಷಗಟ್ಟಲೆ ಕುಕ್ಕರಗಾಲಲ್ಲಿ ಕೂತು ಮಾಡುವ ಕೆಲಸ ಇದಕ್ಕೆ ಕಾರಣ. ಹೆಂಗಸರಲ್ಲಿ ಹೆಚ್ಚು. ಎಕ್ಸರೇಯಲ್ಲಿ ಸವೆತ ಹೆಚ್ಚು ಕಂಡರೂ ನೋವು ಕಡಿಮೆ ಇರಬಹುದು. ಹಾಗಾಗಿ ಎಕ್ಸರೇ ನೋಡಿ ಗಾಬರಿಯಾಗುವುದು ಬೇಡ.

ಬೆಳಗ್ಗೆ ಎದ್ದಾಗ ಕಾಲು ಹಿಡಿದುಕೊಂಡು ಅರ್ಧ ಗಂಟೆಯೊಳಗೆ ಸಡಿಲವಾಗುವುದು, ಮೆಟ್ಟಿಲಲ್ಲಿ ನೋವು, ಮಡಚಿದಾಗ ಕಟಕಟ ಸದ್ದು ಇದರ ಲಕ್ಷಣ. ಮೊಣಕಾಲು ಬಿಸಿಯಾಗಿ ಕೆಂಪಾಗಿ ಊದಿದರೆ, ಜ್ವರವಿದ್ದರೆ, ಬಿದ್ದ ಮೇಲೆ ಕಾಲು ಊರಲಾಗದಿದ್ದರೆ ಅದು ಬೇರೆ ತೊಂದರೆ. ಅವತ್ತೇ ಆಸ್ಪತ್ರೆಗೆ ಹೋಗಬೇಕು.

ಮೊದಲ ಔಷಧ ವ್ಯಾಯಾಮ

ಮೊಣಕಾಲಿನ ಭಾರ ಹೊರಲು ನೆರವಾಗುವುದು ತೊಡೆಯ ಸ್ನಾಯು. ನಡಿಗೆ ಬಿಟ್ಟರೆ ಅದು ಸೊರಗುತ್ತದೆ, ನೋವು ಹೆಚ್ಚುತ್ತದೆ.

- ಕುರ್ಚಿಯಲ್ಲಿ ಕೂತು ಒಂದು ಕಾಲು ನೇರ ಚಾಚಿ, ಪಾದ ತಮ್ಮ ಕಡೆ ಎಳೆದು 5 ಸೆಕೆಂಡ್ ಹಿಡಿಯಿರಿ. ಪ್ರತಿ ಕಾಲಿಗೆ 10 ಸಲ, ದಿನಕ್ಕೆ ಎರಡು ಹೊತ್ತು. ಅಂಗಡಿಯಲ್ಲಿ ಗಿರಾಕಿ ಇಲ್ಲದಾಗಲೂ ಮಾಡಬಹುದು.
- ಮಲಗಿ, ಮೊಣಕಾಲ ಕೆಳಗೆ ಸುತ್ತಿದ ಟವೆಲ್ ಇಟ್ಟು 5 ಸೆಕೆಂಡ್ ಒತ್ತಿ ಬಿಡಿ. ಇದೂ 10 ಸಲ.
- ಸಪಾಟು ನೆಲದ ಮೇಲೆ ನಡೆಯಿರಿ. ಖಾನಾಪುರದ ಮಳೆಗಾಲದಲ್ಲಿ ಮನೆಯ ಪಡಸಾಲೆಯೇ ಸಾಕು.

ಮಾಡುವಾಗ ಸ್ವಲ್ಪ ನೋವು ಸಹಜ. ಮರುದಿನವೂ ಹೆಚ್ಚೇ ಇದ್ದರೆ ಕಡಿಮೆ ಮಾಡಿ, ನಿಲ್ಲಿಸಬೇಡಿ. ಗುಣ ಕಾಣಲು ಕೆಲವು ವಾರ ಬೇಕು.

ತೂಕ ಹೆಚ್ಚಿದ್ದವರು 1 ಕಿಲೋ ಇಳಿಸಿದರೆ ಪ್ರತಿ ಹೆಜ್ಜೆಗೆ ಮೊಣಕಾಲ ಮೇಲಿನ ಹೊರೆ ಸುಮಾರು 4 ಕಿಲೋ ಇಳಿಯುತ್ತದೆ. ಗಾದಿ ಬದಲು ಎತ್ತರದ ಕುರ್ಚಿ, ಶೌಚಾಲಯದಲ್ಲಿ ಕಮೋಡ್ ಬಳಸಿ. ಕೋಲು ಹಿಡಿಯುವುದಾದರೆ ನೋವಿರುವ ಕಾಲಿನ ಎದುರು ಕೈಯಲ್ಲಿ ಹಿಡಿಯಿರಿ.

ಗುಳಿಗೆ, ಇಂಜೆಕ್ಷನ್

ನೋವಿಗೆ ಮೊದಲು ಡೈಕ್ಲೋಫೆನಾಕ್‌ನಂಥ ಹಚ್ಚುವ ಜೆಲ್ ಒಳ್ಳೆಯದು. ನೋವಿನ ಗುಳಿಗೆ ದಿನಾ ನುಂಗಿದರೆ ಹೊಟ್ಟೆಯಲ್ಲಿ ಹುಣ್ಣು, ಕಿಡ್ನಿಗೆ ಪೆಟ್ಟು. ಬಿಪಿ, ಸಕ್ಕರೆ ಕಾಯಿಲೆ, ಹೃದಯದ ತೊಂದರೆ ಇದ್ದವರಂತೂ ವೈದ್ಯರನ್ನು ಕೇಳದೇ ತಗೋಬಾರದು. ಹೆಸರು, ಚೀಟಿ ಇಲ್ಲದ ಪುಡಿಗಳಲ್ಲಿ ಸ್ಟೆರಾಯ್ಡ್ ಬೆರೆತಿರಬಹುದು. ವೈದ್ಯರು ಕೀಲಿಗೆ ಕೊಡುವ ಸ್ಟೆರಾಯ್ಡ್ ಇಂಜೆಕ್ಷನ್ ಕೆಲವು ವಾರ ಆರಾಮ ಕೊಡುತ್ತದೆ, ಆದರೆ ಸವೆತವನ್ನು ವಾಸಿ ಮಾಡುವುದಿಲ್ಲ.

ಆಪರೇಷನ್ ಯಾವಾಗ?

ಇಷ್ಟೆಲ್ಲ ಮಾಡಿಯೂ ರಾತ್ರಿ ನಿದ್ದೆ ಕೆಡುವಷ್ಟು ನೋವಿದ್ದರೆ, ಮನೆಯೊಳಗೆ ಓಡಾಡುವುದೇ ಕಷ್ಟವಾದರೆ ಮಾತ್ರ ಮೊಣಕಾಲು ಬದಲಾವಣೆಯ ಮಾತು. ಹತ್ತರಲ್ಲಿ ಸುಮಾರು ಎಂಟು ಕೃತಕ ಕೀಲುಗಳು 25 ವರ್ಷ ಬಾಳುತ್ತವೆ. 2017ರ ಆಗಸ್ಟ್‌ನಲ್ಲಿ ರಾಷ್ಟ್ರೀಯ ಔಷಧ ಬೆಲೆ ಪ್ರಾಧಿಕಾರ ಇವುಗಳಿಗೆ ಗರಿಷ್ಠ ದರ ಕಟ್ಟಿತು. ಹೆಚ್ಚು ಬಳಕೆಯ ಕೋಬಾಲ್ಟ್ ಕ್ರೋಮಿಯಂ ಕೀಲಿಗೆ ಆಗ ಜಿಎಸ್‌ಟಿ ಬಿಟ್ಟು 54,720 ರೂ. ನಿಗದಿಯಾಗಿತ್ತು. ಇದು ಕೀಲಿನ ದರ ಮಾತ್ರ. ಆಪರೇಷನ್, ಬೆಡ್ ಖರ್ಚು ಬೇರೆ. ಬಿಲ್‌ನಲ್ಲಿ ಕೀಲಿನ ದರವನ್ನು ಪ್ರತ್ಯೇಕವಾಗಿ ಬರೆಸಿಕೊಳ್ಳಿ.

ಎಲ್ಲಿ ತೋರಿಸಬೇಕು?

ಖಾನಾಪುರದವರು ಮೊದಲು ತಾಲೂಕು ಆಸ್ಪತ್ರೆಯಲ್ಲಿ ತೋರಿಸಬಹುದು. ಬೆಳಗಾವಿಯ ಬಿಮ್ಸ್ ಜಿಲ್ಲಾಸ್ಪತ್ರೆ ಮತ್ತು ನೆಹರು ನಗರದ ಕೆಎಲ್‌ಇ ಡಾ. ಪ್ರಭಾಕರ ಕೋರೆ ಆಸ್ಪತ್ರೆಯಲ್ಲಿ ಎಲುಬು ಕೀಲು ವಿಭಾಗಗಳಿವೆ. ಬಿಪಿಎಲ್ ಕಾರ್ಡ್ ಇದ್ದವರು ಆಯುಷ್ಮಾನ್ ಭಾರತ್–ಆರೋಗ್ಯ ಕರ್ನಾಟಕ ಯೋಜನೆಯಲ್ಲಿ ತಮ್ಮ ಚಿಕಿತ್ಸೆ ಸೇರುತ್ತದೆಯೇ, ಸರ್ಕಾರಿ ಆಸ್ಪತ್ರೆಯ ರೆಫರಲ್ ಚೀಟಿ ಬೇಕೇ ಎಂದು ದಾಖಲಾಗುವ ಮೊದಲೇ ಕೇಳಿಕೊಳ್ಳಬೇಕು.