ಮೃದು ಬನ್ನು: ಎಸರು ಹಿಟ್ಟಿನ ವಿಧಾನ

ಮೈದಾದ ಒಂದು ಸಣ್ಣ ಪಾಲನ್ನು ಮೊದಲೇ ನೀರಿನಲ್ಲಿ ಬೇಯಿಸಿ, ಆ ಅಂಬಲಿಯನ್ನು ಉಳಿದ ಮೈದಾ, ಈಸ್ಟ್, ಹಾಲು, ಬೆಣ್ಣೆಗಳ ಜೊತೆ ನಾದಿ ಸುಡುವ ಬನ್ನು. ಚೀನೀ ಬೇಕರಿಗಳ ಬನ್ನಿನ ಮೆತ್ತನೆಯ, ತುಸು ಜಗಿಯುವ ಗುಣ ಮನೆಯಲ್ಲೇ ಬರುವುದು ಈ ವಿಧಾನದಿಂದ. ಬಾಳೆಹಣ್ಣು, ಮೊಸರು ಬೆರೆಸಿ ಎಣ್ಣೆಯಲ್ಲಿ ಕರಿಯುವ ಮಂಗಳೂರು ಬನ್ಸ್ ಬೇರೆಯದೇ ತಿಂಡಿ.

ಪೂರ್ವ ಏಷ್ಯಾದ ಸಿಹಿ ಬನ್ನಿನ ದಾಖಲೆ 1874ರಿಂದ ಸ್ಪಷ್ಟ: ಆ ವರ್ಷ ಟೋಕಿಯೊದ ಕಿಮುರಾಯ ಅಂಗಡಿ ಬೀನ್ಸ್ ಹೂರಣ ತುಂಬಿದ ಆನ್‌ಪಾನ್ ಮಾರತೊಡಗಿತು. ಹಿಟ್ಟು ಬೇಯಿಸುವ ಕ್ರಮದ ಮೂಲದಲ್ಲಿ ಮಾತ್ರ ಗೊಂದಲವಿದೆ. ಚೀನಾದ ಪುರಾತನ ರಹಸ್ಯವೆಂದು ಇದನ್ನು ಪ್ರಚಾರ ಮಾಡಿದವರು ಬಹಳ. ಆದರೆ ಇದಕ್ಕೆ ತೀರ ಹತ್ತಿರದ ಪದ್ಧತಿ ಸಿಗುವುದು ಜಪಾನಿನ 'ಯುದಾನೆ'ಯಲ್ಲಿ. ಅದರಲ್ಲಿ ಹಿಟ್ಟಿಗೆ ಸಮತೂಕದ ಕುದಿನೀರು ಸುರಿದು ಕಲಸಿಡುತ್ತಾರೆ. ಮೇಲೆ ಹೇಳಿದ ಅಂಬಲಿಯ ವಿಧಾನವಾದ 'ತಾಂಗ್‌ಝಾಂಗ್'ನಲ್ಲಿ ಒಂದು ಪಾಲು ಹಿಟ್ಟಿಗೆ ಐದು ಪಾಲು ನೀರು ಸೇರಿಸಿ, ಸಣ್ಣ ಉರಿಯಲ್ಲಿ 65 ಡಿಗ್ರಿ ಸೆಲ್ಸಿಯಸ್‌ವರೆಗೆ ಕೈಯಾಡಿಸುತ್ತಾರೆ. ಸೌಟು ಎಳೆದಲ್ಲಿ ಗೆರೆ ನಿಂತರೆ ಹದ ಬಂತೆಂದು ಲೆಕ್ಕ. ಎರಡನ್ನೂ ಒಂದೇ ಎಂದು ಬರೆಯುವುದು ತಪ್ಪು. ಮನೆಯಡುಗೆಯ ಮಟ್ಟಿಗೆ ತಿರುವು ತಂದದ್ದು ತೈವಾನಿನ ಇವೊನ್ ಚೆನ್ 2007ರಲ್ಲಿ ಪ್ರಕಟಿಸಿದ, 65 ಡಿಗ್ರಿಯನ್ನೇ ಹೆಸರಲ್ಲಿಟ್ಟ ಪುಸ್ತಕ.

ಕರ್ನಾಟಕದಲ್ಲಿ ಬನ್ನನ್ನು ಜನಸಾಮಾನ್ಯರ ತಿಂಡಿ ಮಾಡಿದ್ದು ಅಯ್ಯಂಗಾರ್ ಬೇಕರಿಗಳು; ಎಚ್.ಎಸ್. ತಿರುಮಲಾಚಾರ್ ಬೆಂಗಳೂರಿನ ಚಿಕ್ಕಪೇಟೆಯಲ್ಲಿ 1898ರಲ್ಲಿ ತೆರೆದ ಬಿ.ಬಿ. ಬೇಕರಿಯಿಂದ ಆ ಪರಂಪರೆಯನ್ನು ಎಣಿಸುತ್ತಾರೆ. ಈ ಬೇಕರಿಗಳದ್ದು ಮೊಟ್ಟೆ ಹಾಕದ ಬನ್ನುಗಳು.

ಹಿಟ್ಟು ಬೇಯಿಸುವ ಈ ವಿಧಾನದ ಚರ್ಚೆಯಲ್ಲಿ ಧಾರವಾಡ ಜಿಲ್ಲೆಯ ಹಳ್ಳಿಗಳ ಹೆಸರು ಬರುವುದೇ ಇಲ್ಲ, ಬರಬೇಕಿತ್ತು. ಬೆಣ್ಣೆಹಳ್ಳದ ದಂಡೆಯ ಯಮನೂರು ಸೇರಿದಂತೆ ನವಲಗುಂದ ಭಾಗದಲ್ಲಿ ಜೋಳದ ಹಿಟ್ಟಿಗೆ ಕುದಿಯುವ ಎಸರು ಹಾಕಿ ನಾದಿಯೇ ರೊಟ್ಟಿ ಬಡಿಯುತ್ತಾರೆ. ಜೋಳದಲ್ಲಿ ಗ್ಲುಟೆನ್ ಇಲ್ಲ. ಕುದಿನೀರು ತಾಗಿದಾಗ ಪಿಷ್ಟ ಉಬ್ಬಿ, ನೀರು ಹಿಡಿದು, ಹಿಟ್ಟಿಗೆ ಜಿಗಿ ಕೊಡುತ್ತದೆ. ಹಿಟ್ಟು ಹಳೆಯದಾಗಿ ರೊಟ್ಟಿ ಅಂಚಿನಲ್ಲಿ ಹರಿಯತೊಡಗಿದರೆ ಎಸರು ಹೆಚ್ಚು ಬೇಕು. ಬನ್ನಿನಲ್ಲಿ ನಡೆಯುವುದೂ ಇದೇ ಕ್ರಿಯೆ: ಬೆಂದ ಪಿಷ್ಟ ಹಿಡಿದಿಟ್ಟ ನೀರೇ ಬನ್ನನ್ನು ಮರುದಿನವೂ ಮೆತ್ತಗಿಡುತ್ತದೆ. ಒಂದರಿಂದ ಇನ್ನೊಂದು ಹುಟ್ಟಿತೆಂದಲ್ಲ, ಎರಡೂ ಕಡೆ ಕೈ ಕಂಡುಕೊಂಡ ತಿಳಿವಳಿಕೆ ಒಂದೇ.

ನವಲಗುಂದ ಭಾಗದ ಎರೆಭೂಮಿಯಲ್ಲಿ ಹಿಂಗಾರಿಗೆ ಗೋಧಿಯೂ ಬೆಳೆಯುತ್ತದೆ. ಆದರೆ ಈ ಸೀಮೆಯ ಹಳೆಯ ತಳಿಗಳಾದ ಬಿಜಗ ಹಳದಿ, ಖಪಲಿಗಳು ಶಾವಿಗೆ, ಮಾದಲಿ, ಹುಗ್ಗಿಗೆ ಹೇಳಿಮಾಡಿಸಿದವು. ಅವುಗಳ ಗ್ಲುಟೆನ್‌ಗೆ ಎಳೆದರೆ ಹಿಗ್ಗುವ ಗುಣ ಕಡಿಮೆಯಾದ್ದರಿಂದ ಬನ್ನು ಸರಿಯಾಗಿ ಉಬ್ಬುವುದಿಲ್ಲ. ಹೀಗಾಗಿ ಬನ್ನಿಗೆ ಅಂಗಡಿಯ ಮೈದಾವೇ ಗತಿ. ಅದನ್ನು ಕಣಕ ತೆಳ್ಳಗೆ ಎಳೆದರೂ ಹರಿಯದಷ್ಟು ನಾದಬೇಕು. ಜಗಿಯುವ ಗುಣ ಬರುವುದು ಈ ನಾದುವಿಕೆಯಿಂದ. ಓವನ್ ಇಲ್ಲದ ಮನೆಗಳಲ್ಲಿ ಸೀಟಿ, ರಬ್ಬರು ತೆಗೆದ ಕುಕ್ಕರಿನ ತಳಕ್ಕೆ ಉಪ್ಪು ಹರವಿ, ಕಾಯಿಸಿ, ಮೇಲೆ ತಟ್ಟೆಯಿಟ್ಟು ಬನ್ನು ಸುಡುತ್ತಾರೆ. ಮೇಲಿನಿಂದ ಕಾವು ಸಾಲದೆ ನೆತ್ತಿ ಬಿಳಿಚಿಕೊಂಡೇ ಉಳಿಯುವುದರಿಂದ, ಕೊನೆಗೆ ಬೆಣ್ಣೆ ಸವರಿ ಹಂಚಿನ ಮೇಲೆ ಮಗುಚಿ ಹಾಕುವುದುಂಟು.