ಕಂತೋ ಕಾಲಾವಧಿಯೋ: ಮೊದಲ ಮನೆಯ ಸಾಲ ಮತ್ತು ದಂಪತಿಗಳ ಪ್ರವಾಸವೆಚ್ಚದ ಬಗ್ಗೆ ಒಂದು ಮರುಪರಿಶೀಲನೆ

ಮನೆ ಕೊಂಡ ದಂಪತಿ ಮೊದಲು ಕೈಬಿಡುವುದು ಪ್ರವಾಸವನ್ನು ಎಂಬ ಗ್ರಹಿಕೆ ಸಂಬಳದಾರ ಕುಟುಂಬಗಳಲ್ಲಿ ವ್ಯಾಪಕವಾಗಿದೆ. ಬ್ಯಾಂಕಿನ ಕಂತು ಇಪ್ಪತ್ತು ವರ್ಷ ಅಲ್ಲಾಡದೆ ನಿಂತಿರುತ್ತದೆ. ದಿನಸಿ, ಶಾಲೆ, ಔಷಧಿಯನ್ನು ಬಿಡುವಂತಿಲ್ಲ. ಉಳಿದದ್ದು ಕೊಡಗಿಗೋ ಬಾಲಿಗೋ ಹೋಗುವ ಹಣ, ಕತ್ತರಿ ಬೀಳುವುದು ಅದಕ್ಕೇ. ಈ ಲೋಕತರ್ಕಕ್ಕೆ ಶಾಸ್ತ್ರೀಯ ರೂಪ ಕೊಟ್ಟವರು ರಾಜ್ ಚೆಟ್ಟಿ ಮತ್ತು ಆಡಂ ಸೈಡಲ್. 2007ರಲ್ಲಿ ಪ್ರಕಟವಾದ ಅವರ ಲೇಖನದ ಪ್ರಕಾರ ಮನೆಯಂಥ ಖರ್ಚುಗಳು ‘ಬದ್ಧ’ ಖರ್ಚುಗಳು. ಅವನ್ನು ಬದಲಿಸುವುದೇ ದುಬಾರಿಯಾದ್ದರಿಂದ ಆದಾಯಕ್ಕೆ ಸಣ್ಣ ಅಥವಾ ಮಧ್ಯಮ ಪೆಟ್ಟು ಬಿದ್ದಾಗ ಅದರ ಪೂರ್ಣ ಭಾರವನ್ನು ಹೊಂದಿಸಿಕೊಳ್ಳಬಹುದಾದ ಉಳಿದ ಖರ್ಚುಗಳು ಹೊರುತ್ತವೆ. ಪ್ರಸ್ತುತ ಲೇಖನ ಈ ಸಿದ್ಧಾಂತವನ್ನು ತಳ್ಳಿಹಾಕುವುದಿಲ್ಲ. ಭಾರತದ ಗೃಹಸಾಲಕ್ಕೆ, ಅದರಲ್ಲೂ ಬೆಂಗಳೂರಿನಲ್ಲಿ ಮೊದಲ ಮನೆ ಕೊಳ್ಳುವ, ಇಬ್ಬರೂ ದುಡಿಯುವ ದಂಪತಿಗೆ ಅದನ್ನು ಇದ್ದ ಹಾಗೆಯೇ ಅನ್ವಯಿಸಬಹುದೇ ಎಂಬುದಷ್ಟೇ ಇಲ್ಲಿನ ತಕರಾರು.

ಹಿನ್ನೆಲೆಯ ಬಗ್ಗೆ ಹೆಚ್ಚು ವಿವಾದವಿಲ್ಲ. ಜನ ವರಮಾನವನ್ನು ಇಡೀ ಬದುಕಿಗೆ ಹರಡಿ ಖರ್ಚು ಮಾಡಲು ಬಯಸುತ್ತಾರೆ ಎಂಬುದು ಮೊಡಿಗ್ಲಿಯಾನಿ–ಬ್ರಂಬರ್ಗ್ (1954) ಮತ್ತು ಫ್ರೀಡ್‌ಮನ್ (1957) ಅವರಿಂದ ಬಂದ ಅಡಿಪಾಯ. ಹಣಕ್ಕೆ ಮನಸ್ಸಿನಲ್ಲಿ ಬೇರೆ ಬೇರೆ ಖಾತೆಗಳಿರುತ್ತವೆ ಎಂದವರು ಥೇಲರ್ (1985). ಸುಲಭವಾಗಿ ಕರಗದ ಆಸ್ತಿ ತನ್ನನ್ನು ತಾನೇ ಕಟ್ಟಿಹಾಕಿಕೊಳ್ಳುವ ಉಪಾಯವೂ ಹೌದೆಂದು ಲೈಬ್ಸನ್ (1997) ವಾದಿಸಿದರು. ಆಸ್ತಿಯಿದ್ದೂ ಕೈಯಲ್ಲಿ ಕಾಸಿಲ್ಲದ ಕುಟುಂಬಗಳ ವರ್ಗವನ್ನು ಕಪ್ಲಾನ್, ವಿಯೊಲಾಂತೆ ಮತ್ತು ವೈಡ್ನರ್ (2014) ಗುರುತಿಸಿದರು. ನಮ್ಮಲ್ಲಿ ತರುಣ್ ರಾಮದೊರೈ ಅಧ್ಯಕ್ಷತೆಯ ರಿಸರ್ವ್ ಬ್ಯಾಂಕ್ ಸಮಿತಿಯ 2017ರ ವರದಿ ಸರಾಸರಿ ಭಾರತೀಯ ಕುಟುಂಬದ ಆಸ್ತಿಯಲ್ಲಿ ಶೇ. 77ರಷ್ಟು ಸ್ಥಿರಾಸ್ತಿ, ಹಣಕಾಸು ಆಸ್ತಿ ಕೇವಲ ಶೇ. 5 ಎಂದು ತೋರಿಸಿತು. ಬೇರೆ ದೇಶಗಳಿಗೆ ಹೋಲಿಸಿದರೆ ಇಲ್ಲಿ ಗೃಹಸಾಲ ಬದುಕಿನಲ್ಲಿ ತಡವಾಗಿ ಬರುತ್ತದೆ ಎಂಬುದನ್ನೂ ಅದು ಗಮನಿಸಿತು. ಬೆಂಗಳೂರಿನ ಯುವ ದಂಪತಿ ಈ ಸರಾಸರಿಯಿಂದ ಆಚೆ ನಿಂತಿರುವುದರಿಂದಲೇ ಅವರ ಪ್ರಶ್ನೆಯನ್ನು ಪ್ರತ್ಯೇಕವಾಗಿ ನೋಡಬೇಕು.

ಭಿನ್ನಾಭಿಪ್ರಾಯ ಶುರುವಾಗುವುದು ಕಾಲದ ವಿಷಯದಲ್ಲಿ. ಮನೆಯೂ ಪ್ರವಾಸವೂ ಜಗಳಕ್ಕೆ ನಿಲ್ಲುವುದು ಯಾವಾಗ? ಚೆಟ್ಟಿ–ಸೈಡಲ್ ತರ್ಕವನ್ನು ಹಿಂಬಾಲಿಸಿದರೆ ಬಿಗಿ ಆರಂಭವಾಗುವುದು ಮನೆ ಕೊಂಡ ಮೇಲೆ. ಗ್ಯಾರಿ ಎಂಗಲ್‌ಹಾರ್ಟ್ 1996ರಲ್ಲಿ ಅಮೆರಿಕದ ಮೊದಲ ಮನೆ ಖರೀದಿದಾರರ ಬಗ್ಗೆ ಬರೆದದ್ದು ಹೆಚ್ಚುಕಡಿಮೆ ಇದಕ್ಕೆ ಎದುರು: ಮುಂಗಡ ಹಣ ಕೂಡಿಸುವ ವರ್ಷಗಳಲ್ಲಿ ಖರ್ಚು ಅದುಮಿಟ್ಟಿರುತ್ತದೆ, ಮನೆ ಕೈಗೆ ಬಂದಾಗ ಅದು ಮೇಲೇಳುತ್ತದೆ. ಕರ್ನಾಟಕದ ಲೆಕ್ಕ ಹಾಕಿದರೆ ಎಂಗಲ್‌ಹಾರ್ಟ್ ಮಾತಿಗೆ ಬಲ ಸಿಗುತ್ತದೆ. 75 ಲಕ್ಷ ರೂಪಾಯಿಯ ಫ್ಲ್ಯಾಟ್ ಎನ್ನೋಣ. 30 ಲಕ್ಷದಿಂದ 75 ಲಕ್ಷದವರೆಗಿನ ಸಾಲಕ್ಕೆ ರಿಸರ್ವ್ ಬ್ಯಾಂಕ್ ಮಿತಿ ಮನೆಯ ಮೌಲ್ಯದ ಶೇ. 80, ಸಾಲ 60 ಲಕ್ಷ, ಕೈಯಿಂದ 15 ಲಕ್ಷ. ಮುದ್ರಾಂಕ ಶುಲ್ಕ ಶೇ. 5, ಅದರ ಮೇಲಿನ ಸೆಸ್, ಸರ್‌ಚಾರ್ಜ್ ಸೇರಿ ಶೇ. 5.6. ನೋಂದಣಿ ಶುಲ್ಕ 2025ರ ಆಗಸ್ಟ್ 31ರಿಂದ ಶೇ. 1ರ ಬದಲು ಶೇ. 2. ಇವೆರಡೂ ಮನೆಯ ಮೌಲ್ಯಕ್ಕೆ ಸೇರದ ಕಾರಣ ಸಾಲದಿಂದ ಬರುವುದಿಲ್ಲ, ಮತ್ತೆ 5.7 ಲಕ್ಷ ಕೈಯಿಂದಲೇ. ಒಟ್ಟು 20.7 ಲಕ್ಷ. ಕಟ್ಟುತ್ತಿರುವ ಮನೆಯಾದರೆ ಜಿಎಸ್‌ಟಿ ಬೇರೆ. ಜೊತೆಗೆ ಅತ್ತ ಬಾಡಿಗೆ, ಇತ್ತ ಕಟ್ಟಡ ಮುಗಿಯುವ ತನಕದ ಬಡ್ಡಿ, ಎರಡನ್ನೂ ಕಟ್ಟುವ ತಿಂಗಳುಗಳು. ವರ್ಷಕ್ಕೆ 1.5 ಲಕ್ಷ ಪ್ರವಾಸಕ್ಕೆ ತೆಗೆದಿಡುವ ದಂಪತಿಯ ಹದಿಮೂರಕ್ಕೂ ಹೆಚ್ಚು ವರ್ಷಗಳ ಪ್ರವಾಸದ ಹಣ ಸಬ್‌ರಿಜಿಸ್ಟ್ರಾರ್ ಕಚೇರಿಯ ಮೆಟ್ಟಿಲು ಹತ್ತುವ ಮೊದಲೇ ಮುಗಿದಿರುತ್ತದೆ.

ಆದರೆ ಎಂಗಲ್‌ಹಾರ್ಟ್ ಕಂಡ ಎರಡನೆಯ ಭಾಗ, ಕೊಂಡ ಮೇಲೆ ಸಿಗುವ ಬಿಡುಗಡೆ, ನಮ್ಮಲ್ಲಿ ಕಾಣುವುದು ಅಪರೂಪ. ಏಕೆ? ಕಂತಿನ ಭಾರವೇ ಕಾರಣ ಎನ್ನುವುದು ಸಿದ್ಧ ಉತ್ತರ. ನನ್ನ ಅಭಿಪ್ರಾಯದಲ್ಲಿ ಇದು ಪೂರ್ತಿ ಸರಿಯಲ್ಲ. ಕೊಂಡ ನಂತರದ ವರ್ಷಗಳಲ್ಲಿ ಪ್ರವಾಸಕ್ಕೆ ಎದುರಾಳಿಯಾಗಿ ನಿಲ್ಲುವುದು ಬಹುಮಟ್ಟಿಗೆ ಕಂತಲ್ಲ, ಸಾಲವನ್ನು ಅವಧಿಗೆ ಮೊದಲೇ ತೀರಿಸಬೇಕೆಂಬ ದಂಪತಿಯ ಸ್ವಂತ ನಿರ್ಧಾರ.

ಈ ಮಾತಿಗೆ ಮೊದಲ ಆಧಾರ ಸಾಲದ ರಚನೆಯಲ್ಲಿದೆ. ಚೆಟ್ಟಿ–ಸೈಡಲ್ ಚರ್ಚೆಯ ಹಿನ್ನೆಲೆಯಲ್ಲಿರುವುದು ಅಮೆರಿಕ. ಮೂವತ್ತು ವರ್ಷದ ಸ್ಥಿರ ದರದ ಸಾಲ ಮಾಮೂಲಾಗಿರುವ ದೇಶ. ನಮ್ಮ ಗೃಹಸಾಲ ಬಹುತೇಕ ಫ್ಲೋಟಿಂಗ್ ದರದ್ದು. ಬ್ಯಾಂಕುಗಳ ಇಂಥ ಸಾಲವನ್ನು ಮುಂಚಿತವಾಗಿ ತೀರಿಸಿದರೆ ದಂಡವಿಲ್ಲವೆಂದು 2012ರಲ್ಲೇ ರಿಸರ್ವ್ ಬ್ಯಾಂಕ್ ವಿಧಿಸಿತು. ಬೋನಸ್ ಬಂದ ತಿಂಗಳು ಒಂದಷ್ಟು ಹಣ ಅಸಲಿಗೆ ಹಾಕುವುದು ಇಲ್ಲಿ ಮೊಬೈಲಿನಲ್ಲೇ ಮುಗಿಯುವ ಕೆಲಸ. ಸಾಲದ ನಿಜವಾದ ಆಯುಷ್ಯ ಕರಾರಿನ ಅವಧಿಗಿಂತ ಬಹಳ ಕಡಿಮೆ ಎಂಬುದು ಸಾಲ ಕೊಡುವ ಸಂಸ್ಥೆಗಳೇ ಒಪ್ಪಿಕೊಳ್ಳುವ ಸಂಗತಿ. ಅದರಲ್ಲಿ ಒಂದು ಪಾಲು ಬೇರೆ ಬ್ಯಾಂಕಿಗೆ ವರ್ಗಾವಣೆಯಾದದ್ದು, ಮತ್ತೊಂದು ಪಾಲು ಮನೆ ಮಾರಿದ್ದು ಎಂಬುದನ್ನು ಕಳೆದೇ ಇದನ್ನು ಓದಬೇಕು.

ಎರಡನೆಯ ಆಧಾರ ಲೆಕ್ಕದ್ದು. ಮೇಲಿನ 60 ಲಕ್ಷದ ಸಾಲ ಶೇ. 8.5ರ ದರದಲ್ಲಿ 20 ವರ್ಷಕ್ಕಾದರೆ ಕಂತು ಸುಮಾರು 52,070 ರೂಪಾಯಿ. ಇಬ್ಬರ ಕೈಗೆ ಬರುವ ಸಂಬಳ ಕೂಡಿ ತಿಂಗಳಿಗೆ 1.4 ಲಕ್ಷ ಎಂದಿಟ್ಟುಕೊಂಡರೆ ಅದು ಶೇ. 37. ಸಂಬಳ ವರ್ಷಕ್ಕೆ ಶೇ. 7ರಂತೆ ಏರಿದರೆ, ಮತ್ತು ಈ ‘ರೆ’ ಸಣ್ಣದಲ್ಲ, ಎಂಟು ವರ್ಷದ ಬಳಿಕ ಅದೇ ಕಂತು ಶೇ. 22ಕ್ಕಿಂತ ಕೆಳಗಿಳಿಯುತ್ತದೆ. ಯಾರೂ ಏನೂ ಮಾಡದೆ ಭಾರ ಕರಗುತ್ತದೆ. ಈಗ ಇದೇ ದಂಪತಿ ಪ್ರವಾಸದ 1.5 ಲಕ್ಷವನ್ನು ಪ್ರತಿ ವರ್ಷದ ಕೊನೆಗೆ ಅಸಲಿಗೆ ಹಾಕುತ್ತಾರೆ ಎನ್ನೋಣ. ಸಾಲ 20ರ ಬದಲು ಸುಮಾರು 13 ವರ್ಷಕ್ಕೆ ಮುಗಿಯುತ್ತದೆ, ಬಡ್ಡಿಯಲ್ಲಿ 25 ಲಕ್ಷದಷ್ಟು ಉಳಿಯುತ್ತದೆ. ಹಣಕಾಸು ಸಲಹೆಗಾರರು ಎತ್ತಿ ತೋರಿಸುವುದು ಈ 25 ಲಕ್ಷವನ್ನೇ. ಹನ್ನೆರಡು ವರ್ಷ ಊರು ಬಿಟ್ಟು ಕದಲದಿದ್ದರೆ 18 ಲಕ್ಷಕ್ಕೆ 25 ಲಕ್ಷ ಲಾಭ ಎಂಬಂತೆ ಅದು ಕೇಳಿಸುತ್ತದೆ. ಆದರೆ ಬೇರೆ ಬೇರೆ ಕಾಲದ ರೂಪಾಯಿಗಳನ್ನು ಒಂದೇ ರಾಶಿಗೆ ಸುರಿದಾಗ ಮಾತ್ರ ಹೀಗೆ ಕಾಣುತ್ತದೆ. ಅಸಲಿಗೆ ಹಾಕಿದ ಹಣದ ನಿಜವಾದ ಪ್ರತಿಫಲ ಸಾಲದ ದರವಾದ ಶೇ. 8.5 ಮಾತ್ರ. ತೆರಿಗೆಯಿಲ್ಲದ, ಖಾತರಿಯ ಪ್ರತಿಫಲವಾದ್ದರಿಂದ ಅದು ಕಡಿಮೆಯೇನಲ್ಲ. ಪ್ರವಾಸ ಬಿಡಿ ಎಂದು ಆಜ್ಞಾಪಿಸುವಷ್ಟು ದೊಡ್ಡದೂ ಅಲ್ಲ.

ನನ್ನ ವಾದಕ್ಕೆ ವಿರುದ್ಧವಾದ ಅಂಕಿಯೊಂದನ್ನೂ ಇಲ್ಲೇ ಇಡಬೇಕು. ಸಾಲದ ಮೊದಲ ವರ್ಷದ ಕೊನೆಯಲ್ಲಿ ಪ್ರವಾಸಕ್ಕೆ ಕೊಟ್ಟ 1.5 ಲಕ್ಷ ಇಪ್ಪತ್ತನೆಯ ವರ್ಷದ ಕೊನೆಗೆ ಅದೇ ಬಡ್ಡಿಯಲ್ಲಿ 7.5 ಲಕ್ಷವಾಗುತ್ತದೆ, ಹದಿನೈದನೆಯ ವರ್ಷದ ಕೊನೆಯಲ್ಲಿ ಕೊಟ್ಟದ್ದು 2.3 ಲಕ್ಷ ಮಾತ್ರ. ಹಾಗಾಗಿ ಮೊದಲ ವರ್ಷಗಳಲ್ಲಿ ಅಸಲಿಗೆ ಹಾಕು, ಆಮೇಲೆ ತಿರುಗಾಡು ಎನ್ನುವವರಲ್ಲಿ ಲೆಕ್ಕದ ತಪ್ಪಿಲ್ಲ. ಅವರು ಮರೆಯುವುದು ಇನ್ನೊಂದನ್ನು: ಆ ಮೊದಲ ವರ್ಷಗಳೇ ಮಕ್ಕಳ ಪರೀಕ್ಷೆಯ ಕಾಟವಿಲ್ಲದ, ಮಂಡಿನೋವಿಲ್ಲದ, ಅಪ್ಪ ಅಮ್ಮ ಇನ್ನೂ ಗಟ್ಟಿಯಾಗಿರುವ ವರ್ಷಗಳು. ಪ್ರವಾಸವನ್ನು ಮುಂದೂಡಿದರೆ ಅದೇ ಪ್ರವಾಸ ಸಿಗುವುದಿಲ್ಲ. ಮೊಡಿಗ್ಲಿಯಾನಿ–ಬ್ರಂಬರ್ಗ್ ಅವರ ಜೀವಿತಚಕ್ರದ ಮಾದರಿಯಲ್ಲಿ ಇದಕ್ಕೆ ಜಾಗವಿದೆ. ಸಲಹೆಗಾರರ ಎಕ್ಸೆಲ್ ಹಾಳೆಯಲ್ಲಿಲ್ಲ.

ಇಷ್ಟು ಹೇಳಿದ ಮೇಲೂ ನನ್ನ ಪ್ರತಿಪಾದನೆಗೆ ಗಂಭೀರವಾದ ಮಿತಿಯೊಂದಿದೆ. 2022–23ರ ಅನುಭವ ಅದನ್ನು ಒತ್ತಿ ಹೇಳುತ್ತದೆ. 2020ರ ಮೇಯಿಂದ ಎರಡು ವರ್ಷ ಶೇ. 4ರಲ್ಲಿದ್ದ ರೆಪೊ ದರ 2022ರ ಮೇಯಿಂದ 2023ರ ಫೆಬ್ರವರಿಯೊಳಗೆ ಶೇ. 6.5 ಮುಟ್ಟಿತು. 2019ರ ಅಕ್ಟೋಬರ್‌ನಿಂದ ಬ್ಯಾಂಕುಗಳ ಹೊಸ ಗೃಹಸಾಲಗಳು ರೆಪೊದಂಥ ಹೊರಗಿನ ಮಾನದಂಡಕ್ಕೆ ಕಟ್ಟಿಕೊಂಡಿದ್ದರಿಂದ ಏರಿಕೆ ನೇರವಾಗಿ ಸಾಲಗಾರನಿಗೆ ಬಂತು. ಬ್ಯಾಂಕುಗಳ ರೂಢಿ ಕಂತನ್ನು ಮುಟ್ಟದೆ ಅವಧಿ ಬೆಳೆಸುವುದು. ಇದು ನನ್ನ ವಾದಕ್ಕೆ ಪೂರಕವೆಂದೇ ಮೊದಲ ನೋಟಕ್ಕೆ ತೋರುತ್ತದೆ, ಏಕೆಂದರೆ ತಿಂಗಳ ಖರ್ಚು ಕದಲುವುದಿಲ್ಲ. ಆದರೆ ಶೇ. 6.75ರಲ್ಲಿ ಆರಂಭವಾದ 60 ಲಕ್ಷದ ಸಾಲವನ್ನು ನೋಡಿ. ಅದರ ಕಂತು 45,620 ರೂಪಾಯಿ. ಒಂದು ವರ್ಷದ ನಂತರ ಉಳಿದ ಅಸಲು 58.5 ಲಕ್ಷ. ದರ ಶೇ. 9.25 ಆದರೆ ತಿಂಗಳ ಬಡ್ಡಿಯೇ 45,100 ದಾಟುತ್ತದೆ. ಅಸಲಿಗೆ ಸೇರುವುದು 500 ರೂಪಾಯಿ. ಹಳೆಯ ಕಂತಿನಲ್ಲಿ ಸಾಲ ತೀರಲು ನಲವತ್ತೆಂಟು ವರ್ಷಕ್ಕೂ ಹೆಚ್ಚು ಬೇಕು. ಮೂವತ್ತೈದರ ಸಾಲಗಾರನಿಗೆ ಯಾವ ಬ್ಯಾಂಕೂ ಅಷ್ಟು ಅವಧಿ ಕೊಡುವುದಿಲ್ಲ. ಉಳಿದ 19 ವರ್ಷದಲ್ಲೇ ತೀರಬೇಕಾದರೆ ಕಂತು 54,600ಕ್ಕೆ ಏರಬೇಕು: ತಿಂಗಳಿಗೆ 9,000, ವರ್ಷಕ್ಕೆ ಒಂದು ಲಕ್ಷಕ್ಕೂ ಮಿಕ್ಕಿ. ಈ ಗುಂಪಿನವರ ಪ್ರವಾಸವನ್ನು ಕಿತ್ತುಕೊಂಡದ್ದು ಕಂತೇ. ಚೆಟ್ಟಿ–ಸೈಡಲ್ ಇವರ ವಿಷಯದಲ್ಲಿ ಸರಿ. ಕಂತು ಏರಿಸುವುದೋ ಅವಧಿ ಬೆಳೆಸುವುದೋ ಎಂಬ ಆಯ್ಕೆಯನ್ನು ಸಾಲಗಾರನಿಗೇ ಕೊಡಬೇಕೆಂದು ರಿಸರ್ವ್ ಬ್ಯಾಂಕ್ 2023ರ ಆಗಸ್ಟ್ 18ರಂದು ಹೊರಡಿಸಿದ ಸುತ್ತೋಲೆ ಈ ಇಕ್ಕಟ್ಟಿನ ಹಿನ್ನೆಲೆಯಲ್ಲೇ ಬಂದದ್ದು. ಆದ್ದರಿಂದ ನನ್ನ ಪ್ರತಿಪಾದನೆಯನ್ನು ಹೀಗೆ ಕಿರಿದುಗೊಳಿಸುತ್ತೇನೆ: ದರ ತಳ ಮುಟ್ಟಿದ್ದಾಗ ಸಾಲದ ಮಿತಿಯ ಅಂಚಿನವರೆಗೆ ಪಡೆದವರನ್ನು ಬಿಟ್ಟು, ಮಧ್ಯಮ ಅಥವಾ ಎತ್ತರದ ದರದಲ್ಲಿ ಪಡೆದವರಿಗೆ, ಸಂಬಳ ಎರಡೂ ನಿಂತಿರುವ ತನಕ, ಅದು ಅನ್ವಯಿಸುತ್ತದೆ.

ಎರಡೂ ನಿಂತಿರುವ ತನಕ ಎಂಬ ಷರತ್ತು ದಂಪತಿಯ ಒಳಗಿನ ಹಣದ ವ್ಯವಸ್ಥೆಯತ್ತ ಕರೆದೊಯ್ಯುತ್ತದೆ. ಬ್ರಿಟನ್ನಿನ ದಂಪತಿಗಳ ಹಣವ್ಯವಹಾರವನ್ನು ಜಾನ್ ಪಾಲ್ 1989ರ ಗ್ರಂಥದಲ್ಲಿ ವರ್ಗೀಕರಿಸಿದರು: ಒಟ್ಟುಗೂಡಿಸುವವರು, ಪ್ರತ್ಯೇಕ ಇಟ್ಟುಕೊಳ್ಳುವವರು, ಇತ್ಯಾದಿ. ಬೆಂಗಳೂರಿನಲ್ಲಿ ಪರಿಚಿತವಾದ ಒಂದು ಏರ್ಪಾಡು ಆ ಪಟ್ಟಿಗೆ ಸಲೀಸಾಗಿ ಸೇರುವುದಿಲ್ಲ: ಒಬ್ಬರ ಸಂಬಳ ಕಂತಿಗೆ, ಇನ್ನೊಬ್ಬರದು ಮನೆಖರ್ಚಿಗೂ ಓಡಾಟಕ್ಕೂ. ಸಾಮಾನ್ಯವಾಗಿ ಗಂಡನದು ಕಂತಿಗೆ. ಬ್ಯಾಂಕ್ ಇಬ್ಬರ ಆದಾಯವನ್ನೂ ನೋಡಿ ಸಾಲ ಕೊಟ್ಟಿರುತ್ತದೆ. ಹೆರಿಗೆಯ ನಂತರ ಹೆಂಡತಿ ಕೆಲಸ ಬಿಟ್ಟರೆ ಕಂತು ಸರಾಗವಾಗಿ ನಡೆಯುತ್ತದೆ, ಮಾಯವಾಗುವುದು ಪ್ರವಾಸ. ಮನೆಗಾಗಿ ಪ್ರವಾಸ ಬಿಟ್ಟೆವು ಎಂದು ಇಬ್ಬರೂ ಹೇಳಿಕೊಳ್ಳುತ್ತಾರೆ. ಯಾವ ಸಂಬಳಕ್ಕೆ ಯಾವ ಖರ್ಚು ಅಂಟಿಸಿದ್ದರು ಎಂಬುದು ಇಲ್ಲಿ ಸಾಲದ ಗಾತ್ರಕ್ಕಿಂತ ಹೆಚ್ಚು ನಿರ್ಣಾಯಕ. 2017ರ ತಿದ್ದುಪಡಿಯ ನಂತರ ಹೆರಿಗೆ ರಜೆ 26 ವಾರ ಸಂಬಳಸಹಿತ; ಪೆಟ್ಟು ಬೀಳುವುದು ಅದರಾಚೆಗೆ.

ಇನ್ನೊಂದು ತೊಡಕು ‘ಪ್ರವಾಸ’ವನ್ನು ಒಂದೇ ಖರ್ಚೆಂದು ಎಣಿಸುವುದರಲ್ಲಿದೆ. 2014–15ರಲ್ಲಿ ನಡೆದ ರಾಷ್ಟ್ರೀಯ ಮಾದರಿ ಸಮೀಕ್ಷೆಯ 72ನೆಯ ಸುತ್ತಿನಲ್ಲಿ ರಾತ್ರಿ ತಂಗುವ ದೇಶೀಯ ಪಯಣಗಳ ಬಹುಪಾಲು ಸಾಮಾಜಿಕ ಉದ್ದೇಶದ್ದೆಂದು ಕಂಡುಬಂತು. ಅಂದರೆ ನೆಂಟರಿಷ್ಟರ ಮನೆ, ಮದುವೆ, ಊರು. ಯುಗಾದಿಗೆ ಹಾಸನಕ್ಕೋ ಶಿರಸಿಗೋ ಹೋಗುವುದನ್ನು ಯಾವ ಬಡ್ಡಿದರವೂ ನಿಲ್ಲಿಸುವುದಿಲ್ಲ. ಅದೂ ಕಂತಿನಂತೆಯೇ ಬದ್ಧ ಖರ್ಚು. ಹೊಂದಿಸಿಕೊಳ್ಳಬಹುದಾದದ್ದು ವಿರಾಮದ ಪ್ರವಾಸ ಮಾತ್ರ.

ಸರ್ಕಾರದ ಧೋರಣೆಯಲ್ಲೂ ಮನೆ ಮತ್ತು ಪ್ರವಾಸದ ನಂಟು ಕಾಣಸಿಗುತ್ತದೆ. ಹಳೆಯ ತೆರಿಗೆ ಪದ್ಧತಿ ವಾಸದ ಮನೆಯ ಸಾಲದ ಬಡ್ಡಿಗೆ ಪ್ರತಿ ಸಹಮಾಲೀಕರಿಗೂ 2 ಲಕ್ಷದವರೆಗೆ ಕಡಿತ ಕೊಡುತ್ತದೆ, ನಾಲ್ಕು ವರ್ಷದಲ್ಲಿ ಎರಡು ಸಲ ದೇಶದೊಳಗಿನ ಪ್ರಯಾಣದ ಟಿಕೆಟ್ಟಿಗೆ ಎಲ್‌ಟಿಸಿ (ರಜೆ ಪ್ರಯಾಣ ರಿಯಾಯಿತಿ) ವಿನಾಯಿತಿಯನ್ನೂ ಕೊಡುತ್ತದೆ. ಹೊಸ ಪದ್ಧತಿಯಲ್ಲಿ ಎರಡೂ ಇಲ್ಲ. 2020ರ ಅಕ್ಟೋಬರ್‌ನಲ್ಲಂತೂ ಕೇಂದ್ರ ಸರ್ಕಾರ ಪ್ರಯಾಣದ ಬದಲು ಶೇ. 12 ಅಥವಾ ಹೆಚ್ಚು ಜಿಎಸ್‌ಟಿಯ ಸಾಮಾನು ಕೊಂಡರೂ ಎಲ್‌ಟಿಸಿ ಹಣ ಪಡೆಯಬಹುದೆಂದಿತು. ಊಟಿಗೆ ಹೋಗಬೇಕಿದ್ದ ಹಣ ಫ್ರಿಜ್ಜಾಗಿ ಮನೆಗೆ ಬಂದ ಏಕೈಕ ಸಂದರ್ಭ ಇದೇ ಇರಬೇಕು. ಹೊಸ ಪದ್ಧತಿಯವರಿಗೆ ಸಾಲ ಉಳಿಸಿಕೊಳ್ಳಲು ತೆರಿಗೆಯ ಆಮಿಷವಿಲ್ಲ. ಬೇಗ ತೀರಿಸುವ ಒತ್ತಡ ಹೆಚ್ಚಬಹುದು.

ಇವೆಲ್ಲ ಸದ್ಯಕ್ಕೆ ರಚನೆಯಿಂದಲೂ ಲೆಕ್ಕದಿಂದಲೂ ಕಟ್ಟಿದ ವಾದ. ಸಾಲದ ಮಾಹಿತಿ 2019ರ ಸಾಲ ಮತ್ತು ಹೂಡಿಕೆ ಸಮೀಕ್ಷೆಯಲ್ಲಿದೆ, ಪ್ರವಾಸದ್ದು ಬೇರೊಂದು ಸುತ್ತಿನಲ್ಲಿ, ಬೇರೆ ಮನೆಗಳಿಂದ ಸಂಗ್ರಹಿಸಿದ್ದು. ಒಂದೇ ಕುಟುಂಬದ ಎರಡೂ ಖರ್ಚನ್ನು ಜೋಡಿಸಿ ನೋಡಲು ಅವು ಬರುವುದಿಲ್ಲ. ಆದರೂ ಪರೀಕ್ಷೆಗೆ ದಾರಿಯೊಂದು ತೆರೆದಿದೆ. 2025ರ ಫೆಬ್ರವರಿಯಿಂದ ಡಿಸೆಂಬರ್‌ವರೆಗೆ ರೆಪೊ ದರ ಶೇ. 6.5ರಿಂದ ಶೇ. 5.25ಕ್ಕೆ ಇಳಿಯಿತು. ಈ ಅವಧಿಯಲ್ಲಿ ಕಂತು ಇಳಿಸಿಕೊಳ್ಳಿ ಎಂದು ಬ್ಯಾಂಕಿಗೆ ಬರೆದುಕೊಟ್ಟ ದಂಪತಿಗಳೆಷ್ಟು, ಹಳೆಯ ಕಂತನ್ನೇ ಕಟ್ಟುತ್ತಾ ಅವಧಿ ಕುಗ್ಗಲು ಬಿಟ್ಟವರೆಷ್ಟು ಎಂಬುದು ಸಾಲದ ಖಾತೆಗಳಲ್ಲಿ ದಾಖಲಾಗಿರುತ್ತದೆ. ನನ್ನ ವಾದ ನಿಜವಾದರೆ ಎರಡನೆಯವರೇ ಹೆಚ್ಚಿರಬೇಕು. ಆದರೆ ಅರ್ಜಿ ಕೊಡದವನ ಕಂತು ಹೇಗೂ ಹಾಗೇ ಮುಂದುವರಿಯುವುದರಿಂದ ಉದ್ದೇಶಪೂರ್ವಕ ತೀರುವಳಿಯನ್ನು ಬರೀ ಉದಾಸೀನದಿಂದ ಬೇರ್ಪಡಿಸುವುದು ಸುಲಭವಲ್ಲ. ಅದೇ ಖಾತೆಗೆ ಅದೇ ವರ್ಷ ಅಸಲಿನ ಬಾಬ್ತು ಪ್ರತ್ಯೇಕವಾಗಿ ಜಮೆಯಾಗಿದೆಯೇ ಎಂಬುದನ್ನು ಜೊತೆಗಿಟ್ಟು ನೋಡಬೇಕಾದೀತು.