ಕಾಂತಕ್ಕೆ ತಿರುಗಿದ ಬೆಳಕು



"ಅಮ್ಮಾ, ನನ್ನ ಪಾಠ ಕನ್ನಡದಲ್ಲಿ ಹೇಳೋಕಾಗಲ್ಲ ಬಿಡು" ಎಂದ ಮೊನ್ನೆ ನನ್ನ ಮಗ. ಅರೆವಾಹಕಗಳ ಮೇಲೆ ಕಾಂತ ಮತ್ತು ಬೆಳಕಿನ ಆಟ ಅವನ ಪಾಠ. ನಾನು ಓದಿದ್ದು ಕನ್ನಡ ಎಂ.ಎ. ಆದರೂ ಆ ಮಾತು ಚುಚ್ಚಿತು. ಅವನನ್ನೇ ಕೇಳಿ, ಪುಸ್ತಕ ತಿರುವಿ ತಿಳಿದುಕೊಂಡ ಕಥೆ ಇದು.

ಕುವೈತಿನ ಕಡಲ ದಂಡೆಯಲ್ಲಿ ನೀವು ಹಾಕುವ ಪೋಲರಾಯ್ಡ್ ತಂಪು ಕನ್ನಡಕ ಗೊತ್ತಲ್ಲ? ಬೆಳಕಿನ ಅಲೆ ಹಲವು ದಿಕ್ಕಿಗೆ ತೂಗುತ್ತದೆ. ಆ ಕನ್ನಡಕ ಒಂದೇ ದಿಕ್ಕಿನದನ್ನು ಒಳಗೆ ಬಿಡುತ್ತದೆ. ಅಂಥ ಎರಡು ಗಾಜುಗಳನ್ನು ಒಂದರ ಮುಂದೊಂದು ಅಡ್ಡಡ್ಡ ಹಿಡಿಯಿರಿ, ಕತ್ತಲೆ!

1845ರ ಸೆಪ್ಟೆಂಬರ್ 13ರಂದು ಲಂಡನ್ನಿನಲ್ಲಿ ಮೈಕೇಲ್ ಫ್ಯಾರಡೆ ಮಾಡಿಕೊಂಡದ್ದೂ ಇಂಥದೇ ಏರ್ಪಾಡು. ಪುಸ್ತಕ ಕಟ್ಟುವ ಅಂಗಡಿಯಲ್ಲಿ ಕೆಲಸ ಕಲಿತ ಹುಡುಗ, ಕಾಲೇಜಿನ ಮುಖ ಕಂಡವನಲ್ಲ. ಹಲವು ವಸ್ತುಗಳನ್ನಿಟ್ಟು ಸೋತ ಮೇಲೆ, ತಾನೇ ಹಿಂದೆ ತಯಾರಿಸಿದ್ದ ಸೀಸದ ಗಾಜನ್ನು ನಡುವೆ ಇಟ್ಟು ವಿದ್ಯುತ್ಕಾಂತ ಹಚ್ಚಿದ. ಕತ್ತಲೆಯಲ್ಲಿ ದೀಪ ಮಿನುಗಿತು! ಕಾಂತ ಬೆಳಕಿನ ತೂಗಾಟದ ದಿಕ್ಕನ್ನೇ ತುಸು ತಿರುಗಿಸಿತ್ತು. 1870ರ ದಶಕದಲ್ಲಿ ಜಾನ್ ಕೆರ್, ಕಾಂತದ ಮೈಯಿಂದ ಪ್ರತಿಫಲಿಸುವ ಬೆಳಕೂ ಹೀಗೆ ಬದಲಾಗುತ್ತದೆಂದು ತೋರಿಸಿದ.

ಈ ಕಥೆಯಲ್ಲಿ ನಮ್ಮ ಬೆಂಗಳೂರೂ ಇದೆ. ಊರವರು 'ಟಾಟಾ ಇನ್‌ಸ್ಟಿಟ್ಯೂಟ್' ಎನ್ನುವ ಭಾರತೀಯ ವಿಜ್ಞಾನ ಸಂಸ್ಥೆಯಲ್ಲಿ, ಸಿ. ವಿ. ರಾಮನ್ ಅವರ ಶಿಷ್ಯ ಎಸ್. ರಾಮಶೇಷನ್ 1946ರಲ್ಲೇ ವಜ್ರದಲ್ಲಿ ಫ್ಯಾರಡೆ ಪರಿಣಾಮವನ್ನು ಅಳೆದರು. ಮುಂದೆ ಆ ಸಂಸ್ಥೆಯ ನಿರ್ದೇಶಕರೂ ಆದರು.

ಇನ್ನು ಮಗನ ಪಾಠಕ್ಕೆ ಬರೋಣ. ಹಾಲಿಗೆ ಒಂದು ಚಮಚ ಹೆಪ್ಪು ಹಾಕಿದರೆ ಪಾತ್ರೆಯ ಹಾಲೆಲ್ಲ ಮೊಸರಾಗುವುದಿಲ್ಲವೇ? ಹಾಗೆಯೇ ಅರೆವಾಹಕಕ್ಕೆ ತುಸು ಕಾಂತಗುಣದ ಪರಮಾಣು ಬೆರೆಸಿದರೆ ಅದರ ಸ್ವಭಾವ ಬದಲಾಗುತ್ತದೆ. 1970ರ ದಶಕದಲ್ಲಿ ಕ್ಯಾಡ್ಮಿಯಂ ಟೆಲ್ಯುರೈಡ್‌ಗೆ ಮ್ಯಾಂಗನೀಸ್ ಬೆರೆಸಿ ನೋಡಿದರು. ಕಾಂತವನ್ನು ಹತ್ತಿರ ತಂದಾಗ ಮ್ಯಾಂಗನೀಸ್ ಪರಮಾಣುಗಳು ಪುಟ್ಟ ಪುಟ್ಟ ಸೂಜಿಗಳಂತೆ ಒಂದೇ ಕಡೆ ತಿರುಗಿ, ಎಲೆಕ್ಟ್ರಾನುಗಳ ಮೇಲೆ ಕಾಂತದ ಪ್ರಭಾವವನ್ನು ಎಷ್ಟೋ ಪಟ್ಟು ಹೆಚ್ಚಿಸಿದವು. ಬೆಳಕೂ ಅಷ್ಟೇ ಹೆಚ್ಚು ತಿರುಗಿತು.

ಆಮೇಲೆ ಒಂದೆರಡು ಪದರದಷ್ಟು ತೆಳುವಾದ ಅರೆವಾಹಕಗಳು ಬಂದವು. ಬೆಂಗಳೂರಿನಲ್ಲೇ ಹುಟ್ಟಿದ ಸಿ. ಎನ್. ಆರ್. ರಾವ್ ಅವರ ತಂಡ 2010ರಲ್ಲಿ ಮಾಲಿಬ್ಡಿನಂ ಡೈಸಲ್ಫೈಡ್‌ನ ಅಂಥ ಪದರಗಳನ್ನು ತಯಾರಿಸಿತು. ಇಂಥ ಪದರಗಳಿಗೂ ಈಗ ವನೇಡಿಯಂನಂಥ ಹೆಪ್ಪು ಹಾಕಿ ನೋಡುತ್ತಿದ್ದಾರೆ. ಇಷ್ಟು ತೆಳುವಾದದ್ದರಲ್ಲಿ ಕಾಂತಗುಣವನ್ನು ಗುರುತಿಸುವುದು ಹೇಗೆ? ಹೆಪ್ಪೇ ಬೇಡದೆ ತಾನೇ ಕಾಂತವಾಗುವ ಕ್ರೋಮಿಯಂ ಅಯೊಡೈಡ್‌ನ ಒಂಟಿ ಪದರದಲ್ಲಿ 2017ರಲ್ಲಿ ಅದನ್ನು ಪತ್ತೆ ಮಾಡಿದ್ದು ಕೆರ್‌ನ ಹಳೆಯ ಉಪಾಯದಿಂದಲೇ!

ನಮ್ಮ ನೆರೆಯ ಬಸ್ರಾದಲ್ಲಿ ಹುಟ್ಟಿದ ಇಬ್ನ್ ಅಲ್-ಹೈಥಮ್ ಸಾವಿರ ವರ್ಷದ ಹಿಂದೆ ಬೆಳಕಿನ ಶಾಸ್ತ್ರವನ್ನು ಅರಬ್ಬಿಯಲ್ಲಿ ಬರೆದ. ಬರೆದದ್ದರಿಂದಲೇ ಅದು ಶಾಸ್ತ್ರದ ಭಾಷೆಯಾಯಿತು. ನಾನು ಹೇಳಿದ್ದನ್ನೆಲ್ಲ ಕೇಳಿ ಮಗ ಎರಡು ತಪ್ಪು ತಿದ್ದಿದ, ಕನ್ನಡದಲ್ಲೇ. ನಿಮ್ಮ ಪಾಠವನ್ನೂ ಒಮ್ಮೆ ಮನೆಯಲ್ಲಿ ಅಮ್ಮನಿಗೋ ಅಜ್ಜಿಗೋ ಕನ್ನಡದಲ್ಲಿ ಹೇಳಿನೋಡಿ. ಪದ ಸಿಗದಿದ್ದರೆ ಅವರನ್ನೇ ಕೇಳಿ.